ಕರುಳಿನ ಒಕ್ಕಲೂ ಕೋವಿಡ್ಡಿನ ಆಯಾಸವೂ

ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ಬಿ. ಎ. ತರಗತಿಯ ವಿದ್ಯಾರ್ಥಿನಿಯೊಬ್ಬಳು ಕರುಳಿನೊಳಗಿನ ಸೂಕ್ಷ್ಮಜೀವಿಗಳ ವಿಚಾರವಾಗಿ ಬರೆಯಹೊರಟರೆ ನಗುವವರು ಇರಬಹುದು. ನಮ್ಮ ಕಾಲೇಜಿನಲ್ಲಿ ವಿಜ್ಞಾನ ವಿಭಾಗವಿಲ್ಲ. ಸೂಕ್ಷ್ಮದರ್ಶಕವನ್ನು ನಾನು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಕಂಡದ್ದುಂಟು. ಆದರೆ ಅದರೊಳಕ್ಕೆ ಕಣ್ಣಿಟ್ಟು ನೋಡುವ ಸರದಿ ನನ್ನವರೆಗೆ ಬರುವ ಮೊದಲೇ ಗಂಟೆ ಹೊಡೆಯಿತು. ಹೀಗಿದ್ದರೂ ಈ ವಿಷಯವನ್ನು ಕೈಗೆತ್ತಿಕೊಂಡದ್ದಕ್ಕೆ ಕಾರಣ ನಮ್ಮ ಮನೆಯಲ್ಲಿಯೇ ಇದೆ. ಅದನ್ನು ಮೊದಲು ಹೇಳಿಬಿಡುವುದು ಒಳ್ಳೆಯದು.

೨೦೨೧ನೆಯ ಇಸವಿಯ ಮೇ ತಿಂಗಳಲ್ಲಿ, ಕೋವಿಡ್ಡಿನ ಎರಡನೆಯ ಅಲೆ ಹಳ್ಳಿಗಳಿಗೆ ನುಗ್ಗಿದಾಗ, ನಮ್ಮವ್ವನಿಗೆ ಆ ರೋಗ ತಗುಲಿತು. ಆಸ್ಪತ್ರೆ ಸೇರುವಷ್ಟು ಜೋರಾಗಲಿಲ್ಲ. ಹದಿನಾಲ್ಕು ದಿನ ಹಿತ್ತಲ ಕೋಣೆಯಲ್ಲಿ ಮಲಗಿದ್ದು, ಜ್ವರ ಬಿಟ್ಟು, ಎದ್ದು ಬಂದಳು. ನಾನಾಗ ಎಸ್. ಎಸ್. ಎಲ್. ಸಿ.ಯಲ್ಲಿದ್ದೆ. ಜುಲೈಯಲ್ಲಿ ಎರಡೇ ದಿನದ ಪರೀಕ್ಷೆ ಬರೆದು ಬಂದಾಗಲೂ ಅವ್ವ ಬಾಗಿಲ ಬಳಿ ಗೋಡೆಗೊರಗಿ ಕುಳಿತಿದ್ದಳು. ಮೊದಲು ಹೊತ್ತು ಮೂಡುವ ಮುಂಚೆ ಕಳೆ ಕೀಳಲು ಹೋಗಿ ಹೊತ್ತು ಮುಳುಗಿದ ಮೇಲೆ ಬರುತ್ತಿದ್ದವಳು, ಎರಡು ಸಾಲು ಕಿತ್ತರೆ ಬದುವಿನ ಮೇಲೆ ಕೂರತೊಡಗಿದಳು. ಒಂದು ದಿನ ಹಟ ಹಿಡಿದು ದುಡಿದರೆ ಮರುದಿನ ಏಳುತ್ತಿರಲಿಲ್ಲ. ಒಲೆಯ ಮೇಲೆ ಎಸರಿಟ್ಟುದನ್ನು ಮರೆಯುತ್ತಿದ್ದಳು. ‘ಏನ್ ಮಾಡ್ಲವ್ವ, ಮೈಯೇ ಏಳಾಕಿಲ್ಲ’ ಎನ್ನುವುದೊಂದೇ ಅವಳ ಮಾತು. ಊರಿನವರು ಬೇರೆ ಮಾತನಾಡಿದರು. ಜ್ವರ ಹೋಗಿ ಮೂರು ತಿಂಗಳಾದರೂ ಮಲಗುವವಳಿಗೆ ಮೈಗಳ್ಳತನವಲ್ಲದೆ ಇನ್ನೇನು ಎಂದರು. ಕೂಲಿಗೆ ಕರೆಯುವವರು ಕರೆಯುವುದನ್ನು ಬಿಟ್ಟರು. ಹತ್ತಿರದ ಪಟ್ಟಣದ ಒಂದು ಕ್ಲಿನಿಕ್ಕಿನಲ್ಲಿ ಜ್ವರದ ಕಾಲದಲ್ಲಿ ಒಮ್ಮೆ, ಜ್ವರ ಬಿಟ್ಟ ಮೇಲೆ ಎರಡು ಸಲ ಆಂಟಿಬಯಾಟಿಕ್ ಮಾತ್ರೆಗಳನ್ನು ಕೊಟ್ಟರು. ಆಯಾಸ ಹೋಗಲಿಲ್ಲ, ಹೊಟ್ಟೆ ಕೆಟ್ಟಿತು.

ಹಾಗೆ ಕೆಟ್ಟ ಹೊಟ್ಟೆಗೂ ಏಳಲಾರದ ಮೈಗೂ ಏನಾದರೂ ಸಂಬಂಧ ಉಂಟೆ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬಿ. ಎ. ಸೇರಿದ ಮೇಲೆ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಇಂಗ್ಲಿಷಿನ ಲೇಖನಗಳನ್ನು, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದಲಾರಂಭಿಸಿದೆ. ತಿಳಿಯದಿದ್ದುದನ್ನು ತಾಲ್ಲೂಕು ಆಸ್ಪತ್ರೆಯ ದಾದಿಯೊಬ್ಬರು ಬಿಡಿಸಿ ಹೇಳಿದರು. ಹಾಗೆ ಕೂಡಿಸಿಕೊಂಡದ್ದನ್ನು ವಾಚಕರ ಮುಂದಿಡುತ್ತಿದ್ದೇನೆ.

ಜ್ವರ ಬಿಟ್ಟರೂ ಬಿಡದ ಈ ರೋಗಕ್ಕೆ ಹೆಸರಿಟ್ಟವರು ವೈದ್ಯರಲ್ಲ, ರೋಗಿಗಳು. ೨೦೨೦ರ ಮೇ ತಿಂಗಳಲ್ಲಿ ಇಟಲಿಯ ಪುರಾತತ್ತ್ವ ವಿದುಷಿ ಎಲಿಸಾ ಪೆರೆಗೊ ಎಂಬಾಕೆ ತನ್ನ ಸ್ಥಿತಿಯನ್ನು ವರ್ಣಿಸುತ್ತ ‘ಲಾಂಗ್ ಕೋವಿಡ್’ ಎಂಬ ಮಾತನ್ನು ಬಳಸಿದಳು. ಲೋಕವೆಲ್ಲ ಅದನ್ನು ಹಿಡಿದುಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆ ೨೦೨೧ರ ಅಕ್ಟೋಬರಿನಲ್ಲಿ ಇದಕ್ಕೆ ಲಕ್ಷಣವನ್ನು ಗೊತ್ತುಮಾಡಿತು. ರೋಗ ತಗುಲಿ ಸಾಮಾನ್ಯವಾಗಿ ಮೂರು ತಿಂಗಳಾದ ಮೇಲೆ ಕಂಡುಬಂದು, ಕಡಮೆಯೆಂದರೆ ಎರಡು ತಿಂಗಳು ಇದ್ದು, ಬೇರೆ ಯಾವ ಕಾಯಿಲೆಯಿಂದಲೂ ವಿವರಿಸಲಾಗದ ತೊಂದರೆಗಳು ಇದ್ದರೆ ಅದು ಈ ರೋಗ. ಆಯಾಸ, ಏದುಸಿರು, ಮರೆವು ಇವು ಮುಖ್ಯ ಲಕ್ಷಣಗಳು. ೨೦೨೩ರ ಮೇ ೫ರಂದು ಕೋವಿಡ್ಡಿನ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಅದೇ ಸಂಸ್ಥೆ ಸಾರಿತು. ಅವ್ವನಂಥವರಿಗೆ ಆ ದಿನ ಏನೂ ಮುಗಿಯಲಿಲ್ಲ. ಇಂಥ ದೀರ್ಘ ನಿಶ್ಶಕ್ತಿ ಹೊಸದೂ ಅಲ್ಲ. ೧೮೮೯ರಲ್ಲಿ ಹಬ್ಬಿದ ಇನ್‌ಫ್ಲುಯೆಂಜಾದ ನಂತರವೂ, ೧೯೧೮ರ ಮಹಾಮಾರಿಯ ನಂತರವೂ ಜನ ತಿಂಗಳುಗಟ್ಟಲೆ ಚೇತರಿಸಿಕೊಳ್ಳದೆ ಉಳಿದರೆಂದು ಅಂದಿನ ವೈದ್ಯರು ಬರೆದಿಟ್ಟಿದ್ದಾರೆ.

ಇನ್ನು ಕರುಳಿನ ಮಾತು. ಮೂಗು, ಗಂಟಲು, ಪುಪ್ಪುಸಗಳ ರೋಗಕ್ಕೆ ಕರುಳನ್ನೇಕೆ ಎಳೆಯಬೇಕು? ಕೋವಿಡ್ಡಿನ ವೈರಸ್ಸು ನಮ್ಮ ಜೀವಕೋಶವನ್ನು ಹೊಗಬೇಕಾದರೆ ಅದಕ್ಕೊಂದು ಬಾಗಿಲು ಬೇಕು. ಎ. ಸಿ. ಇ.-೨ ಎಂಬ ಪ್ರೋಟೀನು ಆ ಬಾಗಿಲು. ಅದು ಉಸಿರಾಟದ ದಾರಿಯಲ್ಲಿರುವಂತೆಯೇ ಸಣ್ಣ ಕರುಳಿನ ಒಳಪದರದಲ್ಲಿ ಹೇರಳವಾಗಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು ೨೦೨೨ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ರೋಗ ತೀವ್ರವಾಗಿರದಿದ್ದ ೧೧೩ ಜನರ ಮಲವನ್ನು ಬಹುಕಾಲ ಪರೀಕ್ಷಿಸಿದರು. ಮೊದಲ ವಾರದಲ್ಲಿ ಸುಮಾರು ಅರ್ಧದಷ್ಟು ಜನರ ಮಲದಲ್ಲಿ ವೈರಸ್ಸಿನ ಕುರುಹು ಸಿಕ್ಕಿತು. ನಾಲ್ಕು ತಿಂಗಳಾದ ಮೇಲೆ, ಗಂಟಲಿನಲ್ಲಿ ಅದರ ಸುಳಿವೇ ಇಲ್ಲದ ಕಾಲದಲ್ಲಿ, ನೂರಕ್ಕೆ ಹದಿಮೂರರಷ್ಟು ಜನರಲ್ಲಿ ಅದು ಇನ್ನೂ ಸಿಗುತ್ತಿತ್ತು. ಏಳು ತಿಂಗಳಿಗೆ ನೂರಕ್ಕೆ ನಾಲ್ಕು. ಅಂದರೆ ಮುಂಬಾಗಿಲಿನಿಂದ ಹೊರಟುಹೋದ ನೆಂಟ ಹಿತ್ತಿಲಲ್ಲಿ ಬೀಡುಬಿಟ್ಟಂತೆ.

ಆ ಹಿತ್ತಿಲು ಬರಿದಾದ ಜಾಗವಲ್ಲ; ಒಕ್ಕಲು ತುಂಬಿರುವ ಜಾಗ. ನಮ್ಮ ದೇಹದಲ್ಲಿ ಬೇರೆ ಜೀವಿಗಳು ವಾಸವಾಗಿವೆ ಎಂಬುದನ್ನು ಮೊದಲು ಕಣ್ಣಾರೆ ಕಂಡವನು ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೀವೆನ್‌ಹುಕ್. ಅವನು ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ, ಲ್ಯಾಟಿನ್ ಬಲ್ಲವನೂ ಅಲ್ಲ. ತಾನೇ ಮಸೂರಗಳನ್ನು ಉಜ್ಜಿ ಮಾಡಿಕೊಂಡು ೧೬೮೧ರಲ್ಲಿ ತನ್ನ ಮಲವನ್ನೂ, ೧೬೮೩ರಲ್ಲಿ ತನ್ನ ಹಲ್ಲಿನ ಕೊಳೆಯನ್ನೂ ನೋಡಿ, ಅಲ್ಲಿ ಓಡಾಡುತ್ತಿದ್ದ ಪ್ರಾಣಿಗಳ ವರ್ಣನೆಯನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ಕಳುಹಿಸಿದ. ಕಲಿತವರ ಮನೆಯಲ್ಲಿ ಹುಟ್ಟದವಳಾದ ನನಗೆ ಈ ಮನುಷ್ಯನ ಮೇಲೆ ಒಂದು ಬಗೆಯ ಪ್ರೀತಿ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಈ ಒಕ್ಕಲಿನ ಸಂಖ್ಯೆ ಎಷ್ಟು? ಮನುಷ್ಯನ ಒಂದೊಂದು ಜೀವಕೋಶಕ್ಕೂ ಹತ್ತು ಬ್ಯಾಕ್ಟೀರಿಯಾಗಳು ಎಂದು ಪುಸ್ತಕಗಳಲ್ಲಿ ಬಹುಕಾಲ ಬರೆಯುತ್ತ ಬಂದರು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ೨೦೧೬ರಲ್ಲಿ ಲೆಕ್ಕವನ್ನು ಮೊದಲಿನಿಂದ ಹಾಕಿ ಅದು ಉತ್ಪ್ರೇಕ್ಷೆಯೆಂದು ತೋರಿಸಿದರು. ೭೦ ಕಿಲೋ ತೂಕದ ಮನುಷ್ಯನಲ್ಲಿ ಸುಮಾರು ೩೦ ಲಕ್ಷ ಕೋಟಿ ಸ್ವಂತ ಜೀವಕೋಶಗಳು, ಸುಮಾರು ೩೮ ಲಕ್ಷ ಕೋಟಿ ಬ್ಯಾಕ್ಟೀರಿಯಾಗಳು. ಅಷ್ಟನ್ನೂ ತಕ್ಕಡಿಗೆ ಹಾಕಿದರೆ ಕಾಲು ಕಿಲೋ ಕೂಡ ತೂಗಲಾರವು. ಇನ್ನೂರು ಗ್ರಾಂ ಮಾತ್ರ. ಬಹುಪಾಲು ದೊಡ್ಡ ಕರುಳಿನಲ್ಲಿವೆ. ಅಲ್ಲಿ ಗಾಳಿಯಿಲ್ಲ, ಬೆಳಕಿಲ್ಲ. ಆದರೆ ದಿನಕ್ಕೆರಡು ಮೂರು ಸಲ ಮೇಲಿನಿಂದ ಆಹಾರ ಬರುತ್ತದೆ.

ಬರುವ ಆಹಾರವೂ ನಾವು ಜೀರ್ಣಿಸಿಕೊಳ್ಳಲಾರದೆ ಬಿಟ್ಟದ್ದು. ರಾಗಿಯ ತೌಡು, ಕಾಳಿನ ಸಿಪ್ಪೆ, ಸೊಪ್ಪಿನ ನಾರು ಇವುಗಳನ್ನು ಒಡೆಯುವ ಕಿಣ್ವಗಳು ಮನುಷ್ಯನ ಹೊಟ್ಟೆಯಲ್ಲಿಲ್ಲ. ಸಣ್ಣ ಕರುಳನ್ನು ದಾಟಿ ಬಂದ ಈ ನಾರನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುದುಗು ಹಿಡಿಸುತ್ತವೆ. ಆ ಹುದುಗಿನಿಂದ ಹುಟ್ಟುವ ಆಮ್ಲಗಳಲ್ಲಿ ಬ್ಯುಟಿರೇಟ್ ಎಂಬುದು ನಮ್ಮ ಕಥೆಗೆ ಬಹಳ ಮುಖ್ಯ. ಈ ಆಮ್ಲವನ್ನು ಮೊದಲು ಬೆಣ್ಣೆಯಲ್ಲಿ ಕಂಡದ್ದರಿಂದ ಬೆಣ್ಣೆಯ ಲ್ಯಾಟಿನ್ ಹೆಸರನ್ನೇ ಅದಕ್ಕಿಟ್ಟರು. ಹಳೆಯ ಬೆಣ್ಣೆ ಕೆಟ್ಟಾಗ ಮೂಗಿಗೆ ಬಡಿಯುವ ವಾಸನೆ ಇದರದೇ. ಅಂಥ ದುರ್ನಾತದ ವಸ್ತು ಕರುಳಿನ ಒಳಗೋಡೆಗೆ ಅಮೃತವಿದ್ದಂತೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳು ತಮಗೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ ಎಪ್ಪತ್ತು ಪಾಲನ್ನು ಅದರಿಂದಲೇ ಪಡೆಯುತ್ತವೆ. ಗೋಡೆ ಗಟ್ಟಿಯಾಗಿದ್ದರೆ ಒಳಗಿನ ಕಲ್ಮಷ ರಕ್ತಕ್ಕೆ ಸೋರುವುದಿಲ್ಲ. ಜೊತೆಗೆ, ದೇಹದ ರಕ್ಷಣಾ ಕಣಗಳು ಕಾರಣವಿಲ್ಲದೆ ಕೆರಳದಂತೆ ಹದ್ದುಬಸ್ತಿನಲ್ಲಿಡುವ ಒಂದು ಜಾತಿಯ ಕಣಗಳುಂಟು. ಬ್ಯುಟಿರೇಟ್ ಇದ್ದಲ್ಲಿ ಅವು ಹೆಚ್ಚು ಬೆಳೆಯುತ್ತವೆಂದು ೨೦೧೩ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳಿಂದ ತಿಳಿದುಬಂತು.

ಕರುಳಿನ ಒಕ್ಕಲಿಗೂ ಪುಪ್ಪುಸಕ್ಕೂ ನಂಟಿದೆಯೆಂಬುದು ಕೋವಿಡ್ಡಿಗಿಂತ ಮೊದಲೇ ಗೊತ್ತಿದ್ದ ಸಂಗತಿ. ೨೦೧೧ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಅಕಿಕೊ ಇವಾಸಾಕಿ ಎಂಬ ವಿಜ್ಞಾನಿಯ ತಂಡದವರು ಇಲಿಗಳಿಗೆ ಆಂಟಿಬಯಾಟಿಕ್ ಕುಡಿಸಿ, ಕರುಳಿನ ಬ್ಯಾಕ್ಟೀರಿಯಾಗಳನ್ನು ಕೊಂದು, ಆಮೇಲೆ ಇನ್‌ಫ್ಲುಯೆಂಜಾ ವೈರಸ್ಸನ್ನು ತಗುಲಿಸಿದರು. ಆ ಇಲಿಗಳ ಪುಪ್ಪುಸಗಳು ರೋಗದೊಡನೆ ಸರಿಯಾಗಿ ಹೋರಾಡದೆ ಸೋತವು. ಹೊಟ್ಟೆಯ ಜೀವಿಗಳು ಎದೆಯ ಸೈನ್ಯವನ್ನು ಎಚ್ಚರವಾಗಿಟ್ಟಿದ್ದವೆಂದು ಇದರ ಅರ್ಥ.

ಕೋವಿಡ್ಡಿನಲ್ಲಿ ಈ ದಾರಿಯನ್ನು ಮೊದಲು ಹಿಡಿದವರಲ್ಲಿ ಹಾಂಗ್‌ಕಾಂಗಿನ ಚೀನೀ ವಿಶ್ವವಿದ್ಯಾನಿಲಯದವರು ಮುಖ್ಯರು. ಅವರು ೨೦೨೦ರ ಫೆಬ್ರವರಿಯಿಂದ ಮೇವರೆಗೆ ಎರಡು ಆಸ್ಪತ್ರೆಗಳಲ್ಲಿದ್ದ ನೂರು ಮಂದಿ ರೋಗಿಗಳ ಕರುಳಿನ ಬ್ಯಾಕ್ಟೀರಿಯಾಗಳನ್ನು ಆರೋಗ್ಯವಂತರದರೊಡನೆ ಹೋಲಿಸಿದರು. ಫೀಕಲಿಬ್ಯಾಕ್ಟೀರಿಯಂ ಪ್ರಾಸ್ನಿಟ್ಜಿ ಎಂಬ ಬಾಯಿ ತಿರುಗದ ಹೆಸರಿನದು ಒಂದು, ಯೂಬ್ಯಾಕ್ಟೀರಿಯಂ ರೆಕ್ಟೇಲ್ ಎಂಬುದೊಂದು, ಬೈಫಿಡೋಬ್ಯಾಕ್ಟೀರಿಯಂ ಕುಲದವು ಕೆಲವು—ಇವು ರೋಗಿಗಳಲ್ಲಿ ತಗ್ಗಿದ್ದವು. ಇವುಗಳಲ್ಲಿ ಮೊದಲಿನೆರಡು ಬ್ಯುಟಿರೇಟನ್ನು ತಯಾರಿಸುವ ಜಾತಿಗಳು. ಮೊದಲನೆಯದಂತೂ ಆರೋಗ್ಯವಂತನ ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ನೂರಕ್ಕೆ ಐದರಷ್ಟಿರುವ ದೊಡ್ಡ ಮನೆತನ. ವೈರಸ್ಸು ಹೊರಟುಹೋಗಿ ಮೂವತ್ತು ದಿನವಾದರೂ ಈ ಕೊರತೆ ತುಂಬಿಬಂದಿರಲಿಲ್ಲ. ಈ ಫಲಿತಾಂಶ ೨೦೨೧ರಲ್ಲಿ ಪ್ರಕಟವಾಯಿತು.

ಅದೇ ವಿಶ್ವವಿದ್ಯಾನಿಲಯದವರು ೧೦೬ ರೋಗಿಗಳನ್ನು ಆರು ತಿಂಗಳವರೆಗೆ ಅನುಸರಿಸಿ ೨೦೨೨ರಲ್ಲಿ ಪ್ರಕಟಿಸಿದ ಎರಡನೆಯ ಬರಹವನ್ನು ನಾನು ಮೂರು ಸಲ ಓದಿದೆ. ಆರು ತಿಂಗಳ ಕೊನೆಗೂ ಆ ರೋಗಿಗಳಲ್ಲಿ ನೂರಕ್ಕೆ ೭೬ ಜನರಿಗೆ ಒಂದಲ್ಲ ಒಂದು ತೊಂದರೆ ಉಳಿದಿತ್ತು. ಆಯಾಸ, ಮರೆವು, ಕೂದಲು ಉದುರುವುದು ಇವು ಎಲ್ಲಕ್ಕಿಂತ ಹೆಚ್ಚು. ಪೂರ್ತಿ ಗುಣವಾದವರ ಕರುಳು ಆ ವೇಳೆಗೆ ರೋಗ ಬಾರದವರ ಕರುಳಿನಂತೆಯೇ ಆಗಿತ್ತು. ಗುಣವಾಗದವರಲ್ಲಿ ಫೀಕಲಿಬ್ಯಾಕ್ಟೀರಿಯಂ ಕಡಮೆಯಾಗಿಯೇ ಇತ್ತು. ಅದರ ಜಾಗದಲ್ಲಿ ರೂಮಿನೊಕಾಕಸ್ ನೇವಸ್ ಮೊದಲಾದವು ಹೆಚ್ಚಿಕೊಂಡಿದ್ದವು. ಬಹುಕಾಲ ನಿಶ್ಶಕ್ತಿಯಿಂದಲೂ ಮರೆವಿನಿಂದಲೂ ನರಳಿದವರಲ್ಲಿ ಆಸ್ಪತ್ರೆಗಳಲ್ಲಿ ಹರಡುವಂಥ ಜಾತಿಗಳು ಸೇರಿಕೊಂಡಿದ್ದವು.

ಇದನ್ನು ಓದಿದಾಗ ನನಗೆ ಕಾಣಿಸಿದ್ದು ನಮ್ಮೂರ ಮೇಲುಗಡೆಯ ಹೊಲ. ಒಂದು ವರ್ಷ ಮಳೆ ಕೈಕೊಟ್ಟು ಬಿತ್ತದೆ ಬಿಟ್ಟರೆ ಸಾಕು, ಆ ಹೊಲದ ತುಂಬ ಕಾಂಗ್ರೆಸ್ ಗಿಡ ಎದ್ದು ನಿಲ್ಲುತ್ತದೆ. ಮರುವರ್ಷ ಮಳೆ ಬಂದರೂ ರಾಗಿ ತಾನಾಗಿ ಮರಳುವುದಿಲ್ಲ. ಜಾಗ ಹಿಡಿದ ಕಳೆ ಬಿಡಬೇಕಲ್ಲ. ಕೆಲವು ಹೊಲಗಳು, ಮಣ್ಣಿನ ಸತ್ತ್ವ ಉಳಿದಿದ್ದರೆ, ಒಂದೆರಡು ಉಳುಮೆಗೆ ಹದಕ್ಕೆ ಬರುತ್ತವೆ. ಕೆಲವು ಬರುವುದಿಲ್ಲ. ರೋಗಿಗಳ ಕರುಳಿನಲ್ಲಿಯೂ, ಆಸ್ಪತ್ರೆಗೆ ಬಂದ ದಿನವೇ ಯಾರ ಒಕ್ಕಲು ಹೇಗಿತ್ತು ಎಂಬುದಕ್ಕೂ ಆರು ತಿಂಗಳ ನಂತರ ಅವರು ಹೇಗಿದ್ದರು ಎಂಬುದಕ್ಕೂ ಹೊಂದಿಕೆ ಕಂಡಿತೆಂದು ಅದೇ ಬರಹ ಹೇಳುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಎರಡು ಸಂಗತಿಗಳು ಜೊತೆಯಲ್ಲಿ ಕಂಡವೆಂದ ಮಾತ್ರಕ್ಕೆ ಒಂದು ಮತ್ತೊಂದಕ್ಕೆ ಕಾರಣವಾಗಬೇಕಿಲ್ಲ. ಅರ್ಥಶಾಸ್ತ್ರದ ಮೇಷ್ಟರು ಬೆಲೆಯೇರಿಕೆಯ ಪಾಠದಲ್ಲಿ ಇದನ್ನು ನಮ್ಮ ತಲೆಗೆ ಕುಟ್ಟಿ ಕುಟ್ಟಿ ಹಾಕಿದ್ದಾರೆ. ಕರುಳು ಕೆಟ್ಟದ್ದರಿಂದ ಆಯಾಸವೋ, ಆಯಾಸದಿಂದ ಮಲಗಿ, ಸರಿಯಾಗಿ ಉಣ್ಣದೆ ಕರುಳು ಕೆಟ್ಟಿತೋ? ಅಥವಾ ಔಷಧಿಯಿಂದ ಕೆಟ್ಟಿತೋ? ಔಷಧಿ ತೆಗೆದುಕೊಳ್ಳದ ರೋಗಿಗಳಲ್ಲಿಯೂ ಬದಲಾವಣೆ ಇತ್ತೆಂದು ಹಾಂಗ್‌ಕಾಂಗಿನವರು ತೋರಿಸಿದ್ದಾರೆ. ಆದ್ದರಿಂದ ವೈರಸ್ಸಿನ ಪಾಲು ಇದ್ದೇ ಇದೆ. ಆದರೆ ಔಷಧಿಯ ಪಾಲೂ ಸಣ್ಣದಲ್ಲ.

ಆಂಟಿಬಯಾಟಿಕ್ಕು ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಮದ್ದು. ವೈರಸ್ಸನ್ನು ಅದು ಮುಟ್ಟುವುದೂ ಇಲ್ಲ. ಈ ಒಂದು ವಾಕ್ಯವನ್ನು ಪ್ರತಿಯೊಂದು ಹಳ್ಳಿಯ ಔಷಧಿ ಅಂಗಡಿಯ ಮುಂದೆ ದಪ್ಪ ಅಕ್ಷರದಲ್ಲಿ ಬರೆಸಬೇಕೆಂದು ನನ್ನ ಆಸೆ. ಕೋವಿಡ್ಡಿನ ಕಾಲದಲ್ಲಿ ಅಜಿತ್ರೋಮೈಸಿನ್ ಮಾತ್ರೆ ಕಡಲೆಪುರಿಯಂತೆ ಹಂಚಿಹೋಯಿತು. ಅದರಿಂದ ಕೋವಿಡ್ ರೋಗಿಗಳಿಗೆ ಪ್ರಯೋಜನವಿಲ್ಲವೆಂದು ಇಂಗ್ಲೆಂಡಿನಲ್ಲಿ ನಡೆದ ದೊಡ್ಡ ಪರೀಕ್ಷೆ ೨೦೨೧ರಲ್ಲಿಯೇ ತೋರಿಸಿಕೊಟ್ಟಿತು. ೨೦೨೪ರ ಏಪ್ರಿಲಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಲೆಕ್ಕ ಇನ್ನೂ ಸ್ಪಷ್ಟವಾಗಿದೆ: ಕೋವಿಡ್ಡಿನಿಂದ ಆಸ್ಪತ್ರೆ ಸೇರಿದವರಲ್ಲಿ ಬ್ಯಾಕ್ಟೀರಿಯಾದ ಸೋಂಕೂ ಇದ್ದವರು ನೂರಕ್ಕೆ ಎಂಟು ಜನ, ಆಂಟಿಬಯಾಟಿಕ್ ಪಡೆದವರು ನೂರಕ್ಕೆ ಎಪ್ಪತ್ತೈದು ಜನ. ಡೆನ್ಮಾರ್ಕಿನಲ್ಲಿ ೨೦೧೮ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹನ್ನೆರಡು ಮಂದಿ ಆರೋಗ್ಯವಂತ ಗಂಡಸರಿಗೆ ನಾಲ್ಕು ದಿನ ಮಾತ್ರ ಮೂರು ಬಗೆಯ ಬಲವಾದ ಆಂಟಿಬಯಾಟಿಕ್‌ಗಳನ್ನು ಕೊಟ್ಟು ನೋಡಿದರು. ಒಂದೂವರೆ ತಿಂಗಳಲ್ಲಿ ಬಹುಪಾಲು ಒಕ್ಕಲು ಮರಳಿತು. ಆದರೆ ಮೊದಲು ಎಲ್ಲರಲ್ಲಿಯೂ ಇದ್ದ ಒಂಬತ್ತು ಜಾತಿಗಳು ಆರು ತಿಂಗಳಾದರೂ ಹೆಚ್ಚಿನವರಲ್ಲಿ ಕಾಣಿಸಿಕೊಳ್ಳಲೇ ಇಲ್ಲ. ಅವ್ವನಿಗೆ ಮೂರು ಸಲ ಕೊಟ್ಟರಲ್ಲ ಎಂದು ಇದನ್ನೋದಿದ ದಿನ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ನಿಜವಾದ ಬ್ಯಾಕ್ಟೀರಿಯಾ ರೋಗ ಬಂದಾಗ ಇದೇ ಮಾತ್ರೆಗಳು ಜೀವ ಉಳಿಸುತ್ತವೆ ಎಂಬುದನ್ನೂ ಹೇಳದಿದ್ದರೆ ತಪ್ಪಾದೀತು. ದಾದಿಯವರು ಇದನ್ನು ಸೇರಿಸಲೇಬೇಕೆಂದು ನನಗೆ ತಾಕೀತು ಮಾಡಿದ್ದಾರೆ.

ಕರುಳು ಕೆಟ್ಟರೆ ಮರೆವು ಏಕೆ ಬರಬೇಕು? ಇದಕ್ಕೊಂದು ಸೋಜಿಗದ ಉತ್ತರ ೨೦೨೩ರ ಅಕ್ಟೋಬರಿನಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಿಂದ ಬಂತು. ಸಿರೊಟೋನಿನ್ ಎಂಬ ರಸಾಯನವನ್ನು ಮಿದುಳಿನ ವಸ್ತುವೆಂದು ನಾವು ಕೇಳಿರುತ್ತೇವೆ. ಆದರೆ ದೇಹದ ಸಿರೊಟೋನಿನ್ನಿನಲ್ಲಿ ನೂರಕ್ಕೆ ತೊಂಬತ್ತರಷ್ಟು ತಯಾರಾಗುವುದು ಕರುಳಿನಲ್ಲಿ. ಅದಕ್ಕೆ ಬೇಕಾದ ಕಚ್ಚಾವಸ್ತು ಟ್ರಿಪ್ಟೊಫಾನ್ ಎಂಬ ಅಮಿನೊ ಆಮ್ಲ, ನಾವುಣ್ಣುವ ಬೇಳೆಕಾಳು ಹಾಲುಗಳಿಂದ ಬರತಕ್ಕದ್ದು. ವೈರಸ್ಸಿನ ಅವಶೇಷ ಕರುಳಿನಲ್ಲಿ ಉಳಿದಿದ್ದರೆ ದೇಹ ಇಂಟರ್‌ಫೆರಾನ್ ಎಂಬ ಯುದ್ಧದ ಕೂಗನ್ನು ನಿಲ್ಲಿಸದೆ ಕೂಗುತ್ತಿರುತ್ತದೆ. ಆ ಗದ್ದಲದಲ್ಲಿ ಕರುಳು ಟ್ರಿಪ್ಟೊಫಾನನ್ನು ಹೀರಿಕೊಳ್ಳುವುದು ತಗ್ಗುತ್ತದೆ; ಸಿರೊಟೋನಿನ್ ಇಳಿಯುತ್ತದೆ; ಕರುಳಿನಿಂದ ಮಿದುಳಿಗೆ ಸುದ್ದಿ ಒಯ್ಯುವ ವೇಗಸ್ ನರ ಮಂಕಾಗುತ್ತದೆ; ನೆನಪಿಗೆ ಸಂಬಂಧಿಸಿದ ಮಿದುಳಿನ ಭಾಗ ಸರಿಯಾಗಿ ಕೆಲಸ ಮಾಡುವುದಿಲ್ಲ. ರೋಗಿಗಳ ರಕ್ತದಲ್ಲಿ ಸಿರೊಟೋನಿನ್ ಕಡಮೆಯಿದ್ದುದನ್ನು ಅವರು ಅಳೆದರು. ನರದಿಂದ ನೆನಪಿನವರೆಗಿನ ಕೊಂಡಿಗಳನ್ನು ಇಲಿಗಳಲ್ಲಿ ತೋರಿಸಿದರು. ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯನಲ್ಲಿ ಹಾಗೆಯೇ ಆಗುವುದೆಂದು ಹೇಳಬರುವುದಿಲ್ಲ. ಆದರೂ ಒಲೆಯ ಮೇಲೆ ಎಸರನ್ನು ಮರೆತ ಹೆಂಗಸಿನ ತಲೆಯಲ್ಲಿ ಇಂಥದೇನೋ ನಡೆದಿರಬಹುದೆಂದು ತಿಳಿಯುವುದಕ್ಕೂ, ಅವಳನ್ನು ಮೈಗಳ್ಳಿ ಎನ್ನುವುದಕ್ಕೂ ಎಷ್ಟು ಅಂತರ!

ಹಾಗಾದರೆ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಹೊರಗಿನಿಂದ ಕೊಟ್ಟರೆ ಆದೀತೆ? ಹಾಂಗ್‌ಕಾಂಗಿನವರೇ ಇದನ್ನು ಪರೀಕ್ಷಿಸಿದರು. ಮೂರು ಬಗೆಯ ಬೈಫಿಡೋಬ್ಯಾಕ್ಟೀರಿಯಂಗಳನ್ನು ಅವುಗಳಿಗೆ ಆಹಾರವಾಗುವ ನಾರಿನೊಡನೆ ಪುಡಿಮಾಡಿ, ಲಾಂಗ್ ಕೋವಿಡ್ಡಿನ ೪೬೩ ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಆರು ತಿಂಗಳು ಕೊಟ್ಟರು; ಉಳಿದರ್ಧಕ್ಕೆ ಹುಸಿ ಪುಡಿ. ಯಾರಿಗೆ ಯಾವುದೆಂದು ರೋಗಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ಆರು ತಿಂಗಳಿಗೆ, ನಿಜವಾದ ಪುಡಿ ತಿಂದವರಲ್ಲಿ ನೂರಕ್ಕೆ ೬೩ ಜನರ ಆಯಾಸ ತಗ್ಗಿತ್ತು; ಹುಸಿ ಪುಡಿಯವರಲ್ಲಿ ನೂರಕ್ಕೆ ೪೩. ಮರೆವು ತಗ್ಗಿದ್ದು ೪೨ಕ್ಕೆ ಎದುರಾಗಿ ೨೭. ಮನಸ್ಸು ಒಂದೆಡೆ ನಿಲ್ಲದಿರುವ ತೊಂದರೆ ತಗ್ಗಿದ್ದು ೬೨ಕ್ಕೆ ಎದುರಾಗಿ ೩೮. ಈ ಫಲಿತಾಂಶ ೨೦೨೩ರ ಕೊನೆಯಲ್ಲಿ ಹೊರಬಿತ್ತು.

ಅಂಕಿಗಳು ಆಶಾದಾಯಕವೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಾವು ಎರಡನ್ನು ಗಮನಿಸಬೇಕು. ಹುಸಿ ಪುಡಿ ತಿಂದವರಲ್ಲಿಯೂ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಜನ ಆಯಾಸದಿಂದ ಚೇತರಿಸಿಕೊಂಡರು. ಕಾಲವೇ ಅರ್ಧ ವೈದ್ಯ. ಮತ್ತೊಂದು, ಪರೀಕ್ಷೆ ಒಂದೇ ನಗರದಲ್ಲಿ ನಡೆದದ್ದು. ಆ ಪುಡಿಗೆ ಸಂಬಂಧಿಸಿದ ಕಂಪನಿಯಲ್ಲಿ ಸಂಶೋಧಕರಲ್ಲಿ ಕೆಲವರಿಗೆ ಪಾಲುಂಟು, ಅದನ್ನು ಅವರು ಮರೆಮಾಚಿಲ್ಲ. ಬೇರೆ ದೇಶದ ಬೇರೆ ಊಟದ ಜನರಲ್ಲಿ, ಪಾಲಿಲ್ಲದವರ ಕೈಯಲ್ಲಿ ಇದು ಮತ್ತೆ ನಡೆಯಬೇಕು.

ಅಲ್ಲಿಯವರೆಗೆ ಔಷಧಿ ಅಂಗಡಿಯಲ್ಲಿ ಪ್ರೊಬಯಾಟಿಕ್ ಎಂಬ ಚೀಟಿ ಹಚ್ಚಿದ ಸೀಸೆಗಳಿಗೆಲ್ಲ ದುಡ್ಡು ಸುರಿಯುವುದು ಜಾಣತನವಲ್ಲ. ಮೇಲೆ ಹೇಳಿದ ಫೀಕಲಿಬ್ಯಾಕ್ಟೀರಿಯಂ ಗಾಳಿ ತಗುಲಿದರೆ ಸಾಯುವ ಪ್ರಾಣಿ. ಅದನ್ನು ಸೀಸೆಗೆ ತುಂಬುವುದೇ ಕಷ್ಟ. ವೈಜ್‌ಮನ್ ಸಂಸ್ಥೆಯವರು ೨೦೧೮ರಲ್ಲಿ ತೋರಿಸಿದ್ದು ಇನ್ನೂ ವಿಚಿತ್ರ: ಆಂಟಿಬಯಾಟಿಕ್ ತೆಗೆದುಕೊಂಡ ಮೇಲೆ ಅಂಗಡಿಯ ಪ್ರೊಬಯಾಟಿಕ್ ತಿಂದವರಲ್ಲಿ, ಏನೂ ತಿನ್ನದೆ ಬಿಟ್ಟವರಿಗಿಂತ ತಡವಾಗಿ ಅವರ ಸ್ವಂತ ಒಕ್ಕಲು ಮರಳಿತು. ಹೊರಗಿನಿಂದ ಬಂದವರು ಜಗಲಿಯಲ್ಲಿ ಕುಳಿತುಬಿಟ್ಟರೆ ಮನೆಯವರು ಒಳಗೆ ಬರುವುದು ಹೇಗೆ?

ಉಳಿದದ್ದು ಊಟ. ಹುಳಿ ಹಾಲು ಕುಡಿದರೆ ಆಯುಸ್ಸು ಹೆಚ್ಚುವುದೆಂದು ನೂರು ವರ್ಷಗಳ ಕೆಳಗೆಯೇ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಮೆಚ್ನಿಕಾಫ್ ಬರೆದಿದ್ದ. ೧೯೦೮ರಲ್ಲಿ ನೊಬೆಲ್ ಬಹುಮಾನ ಪಡೆದ ಆ ವಿಜ್ಞಾನಿ ಬಲ್ಗೇರಿಯಾದ ರೈತರ ಮೊಸರನ್ನು ಹೊಗಳಿದ್ದಕ್ಕೆ ಯುರೋಪಿನ ಜನ ಮೊಸರಿಗೆ ಮುಗಿಬಿದ್ದರು. ತಾನು ಮಾತ್ರ ೭೧ ವರ್ಷಕ್ಕೆ ತೀರಿಕೊಂಡ. ಈಚಿನ ಪ್ರಯೋಗ ೨೦೨೧ರಲ್ಲಿ ಸ್ಟ್ಯಾನ್‌ಫರ್ಡಿನದು. ೩೬ ಜನ ಆರೋಗ್ಯವಂತರಲ್ಲಿ ಕೆಲವರಿಗೆ ಹತ್ತು ವಾರ ನಾರಿನ ಆಹಾರ, ಕೆಲವರಿಗೆ ಮೊಸರು ಮುಂತಾದ ಹುದುಗಿಸಿದ ಆಹಾರ ಹೆಚ್ಚಾಗಿ ಕೊಟ್ಟರು. ಹುದುಗಿಸಿದ್ದನ್ನು ತಿಂದವರ ಕರುಳಿನಲ್ಲಿ ಜಾತಿಗಳ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ಉರಿಯೂತವನ್ನು ಸೂಚಿಸುವ ಹತ್ತೊಂಬತ್ತು ಪ್ರೋಟೀನುಗಳು ಇಳಿದವು. ಬರಿಯ ನಾರು ತಿಂದವರಲ್ಲಿ ಅಷ್ಟು ದಿನಕ್ಕೆ ವೈವಿಧ್ಯ ಹೆಚ್ಚಲಿಲ್ಲ. ಒಕ್ಕಲೇ ತೆರಳಿದ ಊರಿಗೆ ದವಸ ಕಳಿಸಿದರೆ ಉಣ್ಣುವವರು ಯಾರು ಎಂದು ನಾನು ಇದಕ್ಕೆ ಅರ್ಥಮಾಡಿಕೊಂಡಿದ್ದೇನೆ. ಆದರೆ ಇವರಾರೂ ಕೋವಿಡ್ ರೋಗಿಗಳಾಗಿರಲಿಲ್ಲ ಎಂಬುದು ನೆನಪಿರಬೇಕು.

ನಮ್ಮ ಊಟದ ವಿಷಯವಾಗಿ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ೨೦೧೭ರಲ್ಲಿ ಪ್ರಕಟಿಸಿದ ಪಟ್ಟಿಯನ್ನು ನೋಡಿದೆ. ನೂರು ಗ್ರಾಂ ರಾಗಿಯಲ್ಲಿ ನಾರು ಹನ್ನೊಂದು ಗ್ರಾಂ, ಜೋಳದಲ್ಲಿ ಹತ್ತು, ಪಾಲಿಷ್ ಮಾಡಿದ ಅಕ್ಕಿಯಲ್ಲಿ ಮೂರಕ್ಕೂ ಕಡಮೆ. ಅವ್ವ ಮಲಗಿದ ದಿನಗಳಲ್ಲಿ ಮುದ್ದೆ ತಿರುವಲು ರಟ್ಟೆಯಲ್ಲಿ ಶಕ್ತಿಯಿಲ್ಲವೆಂದು ನಾವು ಮೂರು ಹೊತ್ತೂ ರೇಷನ್ ಅಕ್ಕಿಯ ಅನ್ನವನ್ನೇ ಉಂಡೆವು. ಮುದ್ದೆ ತಿರುವುವುದನ್ನು ನಾನು ಆಗ ಕಲಿತಿರಲಿಲ್ಲ, ಪರೀಕ್ಷೆಗೆ ಓದುತ್ತಿದ್ದೆ. ಇಡ್ಲಿಯೂ ಹುದುಗಿಸಿದ್ದೇ ಅಲ್ಲವೆ ಎಂದು ಗೆಳತಿಯೊಬ್ಬಳು ಕೇಳಿದಳು. ಹಿಟ್ಟಿನಲ್ಲಿದ್ದ ಬ್ಯಾಕ್ಟೀರಿಯಾಗಳು ಹಬೆಯಲ್ಲಿ ಸತ್ತುಹೋಗುತ್ತವೆ. ಮೊಸರು ಮಜ್ಜಿಗೆಗಳಲ್ಲಾದರೆ ಬದುಕಿರುತ್ತವೆ. ಆದರೆ ನಮ್ಮ ಹಸುವಿನ ಹಾಲು ಬೆಳಿಗ್ಗೆ ಸಂಜೆ ಎರಡು ಹೊತ್ತೂ ಡೈರಿಯ ಕ್ಯಾನಿಗೆ ಹೋಗುತ್ತದೆ. ಮನೆಯಲ್ಲಿ ಉಳಿಯುವುದು ಚಹಾಕ್ಕೆ ಸಾಕಾಗುವಷ್ಟು. ಹಸು ಕಟ್ಟಿದವರ ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲವೆಂದರೆ ಪೇಟೆಯವರು ನಂಬಲಾರರು.

ಎಲ್ಲವೂ ಕರುಳಿನಿಂದಲೇ ಎಂದು ನಾನು ವಾದಿಸುತ್ತಿಲ್ಲ. ಲಾಂಗ್ ಕೋವಿಡ್ಡಿಗೆ ರಕ್ತನಾಳಗಳ ತೊಂದರೆ, ರಕ್ಷಣಾವ್ಯವಸ್ಥೆ ತನ್ನ ಮೇಲೆಯೇ ತಿರುಗಿ ಬೀಳುವುದು, ಮಾಂಸಖಂಡಗಳ ದೋಷ ಮುಂತಾದ ಬೇರೆ ಕಾರಣಗಳನ್ನೂ ವಿಜ್ಞಾನಿಗಳು ಪರಿಶೀಲಿಸುತ್ತಿದ್ದಾರೆ. ಒಬ್ಬರಿಗೆ ಒಂದು, ಮತ್ತೊಬ್ಬರಿಗೆ ಮತ್ತೊಂದು ಇರಬಹುದು. ಆದರೆ ಒಂದು ಸಂಗತಿಯನ್ನು ಎಲ್ಲರೂ ಒಪ್ಪಿದ್ದಾರೆ. ಈ ರೋಗಿಗಳಲ್ಲಿ ಹಲವರಿಗೆ ಒಂದು ದಿನದ ಅತಿದುಡಿಮೆಯ ಫಲ ಮರುದಿನವೋ ಅದರ ಮರುದಿನವೋ ಎರಡು ಪಾಲಾಗಿ ಬಂದು ಬೀಳುತ್ತದೆ. ಆದಕಾರಣ ಕೆಲಸವನ್ನು ತುಂಡುತುಂಡಾಗಿ ಹಂಚಿಕೊಂಡು, ದಣಿಯುವ ಮೊದಲೇ ಕೂರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿರುವ ಕೈಪಿಡಿಯಲ್ಲಿ ಬರೆದಿದೆ. ‘ಎದ್ದು ಓಡಾಡು, ತಾನೇ ಸರಿಹೋಗುತ್ತೆ’ ಎಂದು ನಮ್ಮೂರಿನವರೂ, ಹೇಳಲು ನಾಚಿಕೆಯಾಗುತ್ತದೆ, ನಾನೂ ಅವ್ವನಿಗೆ ಹೇಳುತ್ತಿದ್ದೆವು.

ಕಳೆದ ವರ್ಷ ಈ ಕೈಪಿಡಿಯ ಮಾತನ್ನು ಅವ್ವನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಎರಡು ಸಾಲು ಕಿತ್ತು ಕೂರುವುದು ಸರಿಯೆಂದು ದೊಡ್ಡ ಡಾಕ್ಟರುಗಳೇ ಬರೆದಿದ್ದಾರೆ ಎಂದೆ. ‘ಅಂಗಾರೆ ನಾನು ಸುಳ್ ಹೇಳ್ಲಿಲ್ಲ ಅಂತಾಯ್ತು’ ಎಂದಳು. ಮನೆಗೆ ಅರ್ಧ ಲೀಟರು ಹಾಲನ್ನು ಉಳಿಸಿಕೊಳ್ಳುವಂತೆ ಅಪ್ಪನನ್ನು ಒಪ್ಪಿಸಿದ್ದೇನೆ. ಮುದ್ದೆಯನ್ನು ನಾನೇ ತಿರುವುತ್ತೇನೆ, ಗಂಟಿರುತ್ತದೆಂದು ಅಪ್ಪ ಗೊಣಗುತ್ತಾನೆ. ಅವ್ವ ಈಗ ಊಟದ ಹೊತ್ತಿನವರೆಗೆ ಹೊಲದಲ್ಲಿ ಇರಬಲ್ಲಳು. ಅದು ಮಜ್ಜಿಗೆಯ ಗುಣವೋ, ನಾಲ್ಕು ವರ್ಷ ಕಳೆದದ್ದರ ಗುಣವೋ, ಕೂತು ಕೂತು ಕೀಳಲು ಕಲಿತದ್ದರ ಗುಣವೋ ಎಂದು ದಾದಿಯವರನ್ನು ಕೇಳಿದೆ. ಒಬ್ಬಳ ಮೇಲೆ ಮಾಡಿದ್ದು ಪ್ರಯೋಗವಲ್ಲ, ಸಂಸಾರ ಎಂದು ನಕ್ಕು, ವಾರಕ್ಕೊಮ್ಮೆ ಕರೆತಂದು ರಕ್ತದೊತ್ತಡ ನೋಡಿಸಿಕೊಂಡು ಹೋಗು ಎಂದರು. ಬರುವ ಗುರುವಾರ ಕರೆದುಕೊಂಡು ಹೋಗಬೇಕು.